ಮನೆಗೆ ಬಂದವರ ಮೇಲೆಲ್ಲ ಎಗರುವ ನಾಯಿ: ಮುಂಬೈನಲ್ಲಿ ತರಬೇತಿ ನೆರವು ಪಡೆಯುವುದು ಹೇಗೆ? ಇಲ್ಲಿದೆ ಮಾಹಿತಿ

ಮುಂಬೈ: ವರ್ಲಿಯ ವಸತಿ ಕಟ್ಟಡವೊಂದರ ಲಿಫ್ಟ್. 2018ರ ಫೆಬ್ರವರಿಯ ಒಂದು ದಿನ. ಮಗನ ಜತೆ ಲಿಫ್ಟ್‌ನಲ್ಲಿದ್ದ ನಿವಾಸಿಯೊಬ್ಬರು, ನಾಯಿಯೊಂದಿಗೆ ಒಳಬರಲು ಹೊರಟ ನೆರೆಮನೆಯವರಿಗೆ ಸ್ವಲ್ಪ ಕಾಯುವಂತೆ ಕೇಳಿಕೊಂಡರು. ಮಗನಿಗೆ ನಾಯಿ ಎಂದರೆ ಭಯವಿತ್ತು. ಮಾಲೀಕರು ಕೇಳಲಿಲ್ಲ, ನಾಯಿಯನ್ನು ಎಳೆದುಕೊಂಡೇ ಒಳಬಂದರು. ನಾಯಿ ಆ ನಿವಾಸಿಯ ಕೈಗೆ ಕಚ್ಚಿತು. ಏಳು ವರ್ಷಗಳ ಬಳಿಕ, 2025ರ ಮೇ ತಿಂಗಳಲ್ಲಿ, ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಮಾಲೀಕರಿಗೆ ನಾಲ್ಕು ತಿಂಗಳ ಜೈಲು ಶಿಕ್ಷೆ ವಿಧಿಸಿತು.

ಇದಕ್ಕೂ ಮೊದಲು, 2010ರಲ್ಲಿ ನೇಪಿಯನ್ ಸೀ ರೋಡ್‌ನಲ್ಲಿ ನಡೆದ ಪ್ರಕರಣವೊಂದರಲ್ಲೂ ಹೀಗೇ ಆಗಿತ್ತು. ಇಬ್ಬರ ನಡುವೆ ಮಾತಿಗೆ ಮಾತು ಬೆಳೆದಿತ್ತು. ಕಾರಿನ ಬಾಗಿಲು ತೆರೆದಾಗ ಹೊರಬಂದ ರಾಟ್‌ವೀಲರ್ 72 ವರ್ಷದ ಹಿರಿಯರನ್ನು ಕಚ್ಚಿತು. ನಾಯಿಯ ಮಾಲೀಕರಿಗೆ 2023ರಲ್ಲಿ ಮೂರು ತಿಂಗಳ ಶಿಕ್ಷೆಯಾಯಿತು. ಎರಡೂ ಪ್ರಕರಣಗಳಲ್ಲಿ ಕಟಕಟೆಯಲ್ಲಿ ನಿಂತದ್ದು ಹಗ್ಗ ಹಿಡಿದವರು.

ಊರಿನಲ್ಲಿ ಅಂಗಳಕ್ಕೆ ಯಾರಾದರೂ ಕಾಲಿಟ್ಟರೆ ನಾಯಿ ಬೊಗಳಬೇಕು. ಬೊಗಳದಿದ್ದರೆ ಅನ್ನ ದಂಡ ಎನ್ನುತ್ತಾರೆ. ಗೇಟಿನಿಂದ ಮನೆಬಾಗಿಲಿಗೆ ಅಲ್ಲಿ ನೂರು ಹೆಜ್ಜೆ ಇರುತ್ತದೆ, ಬಂದವರು ಅಲ್ಲೇ ನಿಂತು ಮನೆಯವರನ್ನು ಕೂಗುತ್ತಾರೆ. ಅದೇ ನಾಯಿ, ಅದೇ ಸ್ವಭಾವ, ಡೊಂಬಿವಲಿಯ ಒಂದು ಬೆಡ್‌ರೂಮ್ ಫ್ಲಾಟ್‌ಗೆ ಬಂದರೆ ಕಥೆ ಬೇರೆ. ಬಾಗಿಲು ತೆರೆದರೆ ನಾಲ್ಕಡಿ ಪ್ಯಾಸೇಜ್, ಎದುರಿಗೆ ಇನ್ನೊಂದು ಬಾಗಿಲು, ಪಕ್ಕದಲ್ಲಿ ಲಿಫ್ಟ್. ಹಾಲು, ಪೇಪರ್, ಕೊರಿಯರ್, ಆನ್‌ಲೈನ್ ಆರ್ಡರ್ ಎಂದು ದಿನಕ್ಕೆ ಹತ್ತು ಬಾರಿ ಬೆಲ್ ಆಗುತ್ತದೆ. ನಾಯಿಯ ಲೆಕ್ಕದಲ್ಲಿ ಅದು ದಿನಕ್ಕೆ ಹತ್ತು ದಾಳಿ.

ನಮ್ಮ ನಾಯಿಗೆ ನಮ್ಮ ಮೇಲೆ ಪ್ರೀತಿ ಜಾಸ್ತಿ, ಬೇರೆಯವರನ್ನು ಹತ್ತಿರ ಬಿಡುವುದಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಿದ್ದವರೇ ಒಂದು ದಿನ ತರಬೇತುದಾರರ ನಂಬರ್ ಹುಡುಕುತ್ತಾರೆ. ಆ ಹುಡುಕಾಟ ಎಲ್ಲಿಂದ ಶುರುವಾಗಬೇಕು, ಯಾರನ್ನು ನಂಬಬೇಕು, ನೆರವು ಸಿಗುವವರೆಗೆ ಮನೆಯಲ್ಲಿ ಏನು ಮಾಡಬೇಕು ಎಂಬ ವಿವರ ಇಲ್ಲಿದೆ.

ಅದು ರಕ್ಷಣೆಯೋ, ಭಯವೋ?

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ಅಪರಿಚಿತರ ಮೇಲೆ ಎಗರುವ ಸಾಕುನಾಯಿಗಳಲ್ಲಿ ಬಹುಪಾಲು ಮಾಲೀಕರನ್ನು ಕಾಪಾಡುತ್ತಿರುವುದಿಲ್ಲ, ತಾವೇ ಹೆದರಿರುತ್ತವೆ. ಹತ್ತಿರ ಬರುವ ಮನುಷ್ಯನನ್ನು ದೂರ ಓಡಿಸುವುದೊಂದೇ ಅವುಗಳ ಉದ್ದೇಶ. ಕೊರಿಯರ್ ಹುಡುಗ ಪಾರ್ಸೆಲ್ ಕೊಟ್ಟು ಹೊರಟುಹೋಗುತ್ತಾನೆ. ನಾಯಿಗೆ ಅನಿಸುವುದು, ನಾನು ಬೊಗಳಿದೆ, ಅವನು ಓಡಿದ ಎಂದು. ದಿನಕ್ಕೆ ಹತ್ತು ಬಾರಿ ಈ ಪಾಠ ಆಗುತ್ತದೆ. ವರ್ಷದಲ್ಲಿ ಎಷ್ಟು ಸಾವಿರ ಬಾರಿ ಎಂದು ನೀವೇ ಲೆಕ್ಕ ಹಾಕಿ.

ಭಯದ ಬೇರು ಹೆಚ್ಚಾಗಿ ಮರಿಯ ವಯಸ್ಸಿನಲ್ಲಿರುತ್ತದೆ. ಸುಮಾರು 3ನೇ ವಾರದಿಂದ 12-14ನೇ ವಾರದವರೆಗಿನ ಅವಧಿಯಲ್ಲಿ ಮರಿ ಏನೇನು ನೋಡುತ್ತದೆಯೋ ಅದು ಮಾಮೂಲು ಎಂದು ಕಲಿಯುತ್ತದೆ. ಹೆಲ್ಮೆಟ್ ಹಾಕಿದವರು, ಕೊಡೆ ಹಿಡಿದವರು, ಬುರ್ಖಾ ತೊಟ್ಟವರು, ಕೋಲೂರಿ ನಡೆಯುವವರು, ಕಿರುಚಾಡುವ ಮಕ್ಕಳು ಎಲ್ಲರನ್ನೂ ಆಗ ನೋಡಿರಬೇಕು. ಎಂಟು ವಾರಕ್ಕಿಂತ ಚಿಕ್ಕ ಮರಿಯನ್ನು ಮಾರುವಂತಿಲ್ಲ ಎಂದು 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳು ಹೇಳುತ್ತವೆ. ಆದರೂ ತಾಯಿಯಿಂದ ಬೇಗ ಬೇರ್ಪಟ್ಟು, ನಂತರ ಲಸಿಕೆ ಮುಗಿಯುವವರೆಗೆ ಫ್ಲಾಟ್‌ನಲ್ಲೇ ಬೆಳೆದು, ಜಗತ್ತನ್ನು ಕಾಣದೆ ದೊಡ್ಡದಾದ ನಾಯಿಗಳು ನಗರದಲ್ಲಿ ಬೇಕಾದಷ್ಟಿವೆ.

ಇನ್ನೊಂದು ಬಗೆ ಇದೆ. ನಾಯಿ ಅಪರಿಚಿತರನ್ನು ಬಿಡುತ್ತದೆ, ಆದರೆ ಮನೆಯ ಒಬ್ಬರಿಗೆ ಅಂಟಿಕೊಂಡಿರುತ್ತದೆ. ಅಮ್ಮ ಸೋಫಾದಲ್ಲಿದ್ದಾಗ ಅಪ್ಪ ಪಕ್ಕದಲ್ಲಿ ಕುಳಿತರೆ ಗುರ್ ಎನ್ನುತ್ತದೆ. ಮನೆಯವರು ನಗುತ್ತಾರೆ, ಯಾರೋ ವಿಡಿಯೊ ಮಾಡುತ್ತಾರೆ. ತಟ್ಟೆಯಲ್ಲಿನ ಮೂಳೆಯನ್ನು ಕಾಯುವಂತೆ ಅದು ಆ ವ್ಯಕ್ತಿಯನ್ನು ಕಾಯುತ್ತಿದೆ ಎಂಬುದು ಹೊಳೆಯುವುದಿಲ್ಲ. ಪೊಮೆರೇನಿಯನ್, ಶಿಟ್ಜು ತರಹದ ಪುಟ್ಟ ತಳಿಗಳಲ್ಲಿ ಇದು ಎಷ್ಟೋ ವರ್ಷ ತಮಾಷೆಯಾಗಿಯೇ ಉಳಿಯುತ್ತದೆ, ಮನೆಗೆ ಮಗು ಬರುವವರೆಗೆ.

'ಬೊಗಳುವ ನಾಯಿ ಕಚ್ಚುವುದಿಲ್ಲ' ಎಂಬ ಗಾದೆಯನ್ನು ನಂಬಬೇಡಿ

ಬೊಗಳುವ ನಾಯಿಯೂ ಕಚ್ಚುತ್ತದೆ. ಬೊಗಳದೆ ಮೈ ಬಿಗಿ ಹಿಡಿದು ನಿಂತ ನಾಯಿ ಇನ್ನೂ ಬೇಗ ಕಚ್ಚಬಹುದು. ಕಚ್ಚುವ ಮೊದಲು ನಾಯಿ ಹಲವು ಸೂಚನೆ ಕೊಡುತ್ತದೆ. ಮುಖ ಪಕ್ಕಕ್ಕೆ ತಿರುಗಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ಕಣ್ಣಿನ ಬಿಳಿಭಾಗ ಅರ್ಧಚಂದ್ರದಂತೆ ಕಾಣುತ್ತದೆ. ಆಮೇಲೆ ಇಡೀ ಮೈ ಕಲ್ಲಾಗುತ್ತದೆ, ಬಾಯಿ ಮುಚ್ಚುತ್ತದೆ. ನಂತರ ಗುರುಗುಟ್ಟುವಿಕೆ, ಹಲ್ಲು ತೋರಿಸುವುದು, ಗಾಳಿಯಲ್ಲಿ ಕಚ್ಚುವುದು. ಬಾಲ ಅಲ್ಲಾಡಿಸುತ್ತಿದೆ ಎಂದ ಮಾತ್ರಕ್ಕೆ ಖುಷಿಯಲ್ಲಿದೆ ಎಂದಲ್ಲ. ಬಾಲ ಮೇಲೆತ್ತಿ, ಬಿಗಿಯಾಗಿ, ಚಿಕ್ಕದಾಗಿ ಆಡಿಸುತ್ತಿದ್ದರೆ ಅದು ಎಚ್ಚರಿಕೆ.

ಗುರುಗುಟ್ಟಿದಾಗ ಹೊಡೆಯುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಇದರಿಂದ ಗುರುಗುಟ್ಟುವುದು ನಿಲ್ಲಬಹುದು, ಭಯ ನಿಲ್ಲುವುದಿಲ್ಲ. ಮುಂದಿನ ಸಲ ಅದು ಎಚ್ಚರಿಕೆಯ ಹಂತವನ್ನೇ ಬಿಟ್ಟು ನೇರ ಕಚ್ಚುತ್ತದೆ. ಏನೂ ಮಾಡದೆ ಇದ್ದಕ್ಕಿದ್ದಂತೆ ಕಚ್ಚಿತು ಎಂದು ಹೇಳುವ ಎಷ್ಟೋ ಪ್ರಕರಣಗಳ ಹಿಂದೆ ಇರುವುದು ಇದೇ.

ನೆರವು ಸಿಗುವವರೆಗೆ ಇವತ್ತಿನಿಂದಲೇ ಮಾಡಬೇಕಾದದ್ದು

ತರಬೇತಿ ಫಲ ಕೊಡಲು ತಿಂಗಳುಗಳು ಬೇಕು. ಬೆಲ್ ಮಾತ್ರ ಇವತ್ತು ಸಂಜೆಯೇ ಆಗುತ್ತದೆ. ಹಾಗಾಗಿ ಮೊದಲ ಕೆಲಸ, ಕಚ್ಚುವ ಸಂದರ್ಭವೇ ಬಾರದಂತೆ ನೋಡಿಕೊಳ್ಳುವುದು.

ಮುಂಬೈ ಫ್ಲಾಟ್‌ಗಳಲ್ಲಿ ಒಂದು ಅನುಕೂಲ ಇದೆ, ಸೇಫ್ಟಿ ಡೋರ್. ಅದನ್ನು ಬಳಸಿ. ಬೆಲ್ ಆದಾಗ ನಾಯಿಯನ್ನು ಮೊದಲು ಒಳಕೋಣೆಗೆ ಕಳಿಸಿ, ಬಾಗಿಲು ಹಾಕಿ, ಆಮೇಲೆ ಹೊರಬಾಗಿಲು ತೆರೆಯಿರಿ. ಸಾಧ್ಯವಾದರೆ ಆರ್ಡರ್‌ಗಳನ್ನು ಗೇಟಿನಲ್ಲಿ ವಾಚ್‌ಮನ್ ಬಳಿ ಬಿಡಲು ಹೇಳಿ. ಇದು ಬರೀ ಶಿಷ್ಟಾಚಾರದ ಮಾತಲ್ಲ. 2023ರ ಜನವರಿಯಲ್ಲಿ ಹೈದರಾಬಾದ್‌ನ ಬಂಜಾರಾ ಹಿಲ್ಸ್‌ನಲ್ಲಿ ಆಹಾರ ತಲುಪಿಸಲು ಹೋದ 23 ವರ್ಷದ ಯುವಕ, ಮನೆಯ ನಾಯಿ ಅಟ್ಟಿಸಿಕೊಂಡು ಬಂದಾಗ ತಪ್ಪಿಸಿಕೊಳ್ಳಲು ಹೋಗಿ ಮೂರನೇ ಮಹಡಿಯಿಂದ ಬಿದ್ದು ಮೃತಪಟ್ಟ. ನಾಯಿ ಕಚ್ಚಲೇಬೇಕೆಂದಿಲ್ಲ.

ಮನೆಗೆಲಸಕ್ಕೆ ಬರುವವರ ವಿಷಯ ಇನ್ನೂ ಸೂಕ್ಷ್ಮ. ಅತಿಥಿಗೆ ಭಯವಾದರೆ ಮತ್ತೆ ಬರುವುದಿಲ್ಲ, ಕೆಲಸದವರಿಗೆ ಆ ಆಯ್ಕೆ ಇಲ್ಲ. ನಮ್ಮ ನಾಯಿ ಏನೂ ಮಾಡುವುದಿಲ್ಲ, ಹೆದರಬೇಡಿ ಎಂದು ಅವರಿಗೆ ಹೇಳುವುದು ಸುಲಭ. ನಾಯಿಯನ್ನು ಅಷ್ಟು ಹೊತ್ತು ಬೇರೆ ಕೋಣೆಯಲ್ಲಿಡುವುದು ಸರಿಯಾದ ಕ್ರಮ.

ಲಿಫ್ಟ್‌ನಲ್ಲಿ ಬೇರೆಯವರಿದ್ದರೆ ಬಿಟ್ಟು ಮುಂದಿನದಕ್ಕೆ ಕಾಯಿರಿ. ವರ್ಲಿಯ ಪ್ರಕರಣದಲ್ಲಿ ಉಳಿಸಬಹುದಾಗಿದ್ದ ಸಮಯ ಒಂದೆರಡು ನಿಮಿಷ ಅಷ್ಟೇ. ಜನ ಕಡಿಮೆ ಇರುವ ಹೊತ್ತು, ಅಂದರೆ ಬೆಳಗ್ಗೆ ಐದೂವರೆ ಅಥವಾ ರಾತ್ರಿ ಹನ್ನೊಂದರ ನಂತರ, ವಾಕಿಂಗ್‌ಗೆ ಒಯ್ಯಿರಿ. ಎಳೆದರೆ ಉದ್ದವಾಗುವ ರಿಟ್ರಾಕ್ಟಬಲ್ ಲೀಶ್ ಬೇಡ, ಗಟ್ಟಿಯಾದ ಸಾಮಾನ್ಯ ಲೀಶ್ ಇರಲಿ. ಮಕ್ಕಳ ಜತೆ ಒಂಟಿಯಾಗಿ ಒಂದು ಕ್ಷಣವೂ ಬಿಡಬೇಡಿ.

ಮಝಲ್ ಬಗ್ಗೆ ಒಂದು ಮಾತು. ಬಟ್ಟೆಯ ಅಥವಾ ನೈಲಾನ್‌ನ ಬಿಗಿ ಪಟ್ಟಿ ಮುಂಬೈ ಸೆಕೆಗೆ ಅಪಾಯಕಾರಿ. ನಾಯಿ ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣ್ಣಗಾಗಿಸಿಕೊಳ್ಳುವುದು, ಬಾಯಿ ಕಟ್ಟಿದರೆ ಅದು ಆಗುವುದಿಲ್ಲ. ಒಕ್ಕಣೆಯ ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯ ಆಕಾರದ ಬಾಸ್ಕೆಟ್ ಮಝಲ್ ತೆಗೆದುಕೊಳ್ಳಿ. ಅದರಲ್ಲಿ ನಾಯಿ ಉಸಿರಾಡಬಹುದು, ನೀರು ಕುಡಿಯಬಹುದು, ತಿಂಡಿಯನ್ನೂ ತಿನ್ನಬಹುದು. ಮೊದಲ ದಿನವೇ ಮುಖಕ್ಕೆ ಬಿಗಿಯಬೇಡಿ. ಒಳಭಾಗಕ್ಕೆ ಸ್ವಲ್ಪ ಮೊಸರು ಸವರಿ ಹಿಡಿದರೆ ನಾಯಿ ತಾನೇ ಮೂತಿ ತೂರಿಸುತ್ತದೆ. ಒಂದೆರಡು ವಾರ ಹೀಗೆ ಮಾಡಿ, ಆಮೇಲೆ ಪಟ್ಟಿ ಹಾಕಿ.

ಮೊದಲು ವೈದ್ಯರು, ನಂತರ ತರಬೇತುದಾರರು

ಹೆಚ್ಚಿನವರು ಈ ಹಂತವನ್ನೇ ಬಿಡುತ್ತಾರೆ. ಎರಡು ವರ್ಷ ಸುಮ್ಮನಿದ್ದ ನಾಯಿ ಇತ್ತೀಚೆಗೆ ಸಿಡುಕುತ್ತಿದೆ ಎಂದರೆ ಮೊದಲ ಅನುಮಾನ ನೋವಿನ ಮೇಲೆ ಬರಬೇಕು. ಮಳೆಗಾಲದಲ್ಲಿ ಕಿವಿಯ ಸೋಂಕು, ಉಣ್ಣೆಯಿಂದ ಬರುವ ಜ್ವರ, ಹಲ್ಲುನೋವು, ಲ್ಯಾಬ್ರಡಾರ್ ಮತ್ತು ಜರ್ಮನ್ ಶೆಫರ್ಡ್‌ಗಳಲ್ಲಿ ಸೊಂಟದ ಕೀಲಿನ ತೊಂದರೆ, ವಯಸ್ಸಾದ ನಾಯಿಗಳಲ್ಲಿ ದೃಷ್ಟಿ ಮಂದವಾಗುವುದು, ಥೈರಾಯ್ಡ್ ಸಮಸ್ಯೆ ಇವೆಲ್ಲ ನಾಯಿಯನ್ನು ಸಿಡುಕ ಮಾಡಬಲ್ಲವು. ನೋವಿರುವ ನಾಯಿಗೆ ಎಷ್ಟು ತರಬೇತಿ ಕೊಟ್ಟರೂ ವ್ಯರ್ಥ.

ನಿಮ್ಮ ಬಡಾವಣೆಯ ಪಶುವೈದ್ಯರಿಂದಲೇ ಶುರು ಮಾಡಬಹುದು. ಹೆಚ್ಚಿನ ತಪಾಸಣೆ ಬೇಕಾದರೆ ಪರೇಲ್‌ನಲ್ಲಿ ಬಾಯಿ ಸಕರ್‌ಬಾಯಿ ದಿನ್ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ ಇದೆ. 1874ರಲ್ಲಿ ಸ್ಥಾಪನೆಯಾದ, ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ ಬಾಂಬೆ ಸೊಸೈಟಿ ಇದನ್ನು ನಡೆಸುತ್ತದೆ. ಅಲ್ಲೇ 1886ರಲ್ಲಿ ಆರಂಭವಾದ ಮುಂಬೈ ಪಶುವೈದ್ಯ ಕಾಲೇಜು ಕೂಡ ಇದೆ. ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್ಸ್‌ನ ಸಣ್ಣ ಪ್ರಾಣಿಗಳ ಆಸ್ಪತ್ರೆ 2024ರಲ್ಲಿ ಬಾಗಿಲು ತೆರೆದಿದೆ. ಎಲ್ಲಿಗೇ ಹೋಗುವುದಿದ್ದರೂ ಮೊದಲೇ ಫೋನ್ ಮಾಡಿ, ನಾಯಿ ಅಪರಿಚಿತರ ಮೇಲೆ ಎಗರುತ್ತದೆ ಎಂದು ತಿಳಿಸಿ. ಸರದಿ ಬರುವವರೆಗೆ ಹತ್ತಾರು ನಾಯಿಗಳ ನಡುವೆ ಕೂರಿಸುವ ಬದಲು ಹೊರಗೆ ಕಾರಿನಲ್ಲೋ ರಿಕ್ಷಾದಲ್ಲೋ ಕಾಯಬಹುದು.

ಆತಂಕ ತೀರಾ ಹೆಚ್ಚಿದ್ದರೆ ಫ್ಲುಯೊಕ್ಸೆಟಿನ್‌ನಂತಹ ಔಷಧವನ್ನು ವೈದ್ಯರು ಸೂಚಿಸಬಹುದು. ಅದು ಮಂಪರು ಬರಿಸುವ ಮದ್ದಲ್ಲ. ಪರಿಣಾಮ ಕಾಣಲು ಕೆಲವು ವಾರ ಬೇಕು, ತರಬೇತಿಯ ಜತೆ ಕೊಟ್ಟರಷ್ಟೇ ಪ್ರಯೋಜನ. ಮನುಷ್ಯರ ಮಾತ್ರೆಯನ್ನು ನೀವೇ ಅಂದಾಜಿನಲ್ಲಿ ಕೊಡುವುದು ಬೇಡ. ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಸಲಹೆಯೂ ಬರುತ್ತದೆ. ಅದಕ್ಕೆ ಬೇರೆ ಲಾಭಗಳಿವೆ ನಿಜ. ಆದರೆ ಭಯದಿಂದ ಹುಟ್ಟಿದ ಆಕ್ರಮಣಕ್ಕೆ ಅದು ಖಚಿತ ಪರಿಹಾರವಲ್ಲ.

ಯಾರು ಬೇಕಾದರೂ ಬೋರ್ಡ್ ಹಾಕಬಹುದು!

ಭಾರತದಲ್ಲಿ ನಾಯಿ ತರಬೇತುದಾರರಾಗಲು ಸರಕಾರದ ಪರವಾನಗಿ ಬೇಕಿಲ್ಲ. ಪಶುವೈದ್ಯರಿಗೆ ಪದವಿ, ನೋಂದಣಿ ಕಡ್ಡಾಯ. ತರಬೇತುದಾರರಿಗೆ ಒಂದು ಮೊಬೈಲ್ ನಂಬರ್ ಸಾಕು. ಪೊಲೀಸ್ ಶ್ವಾನದಳದಲ್ಲಿ ಇದ್ದೆ, ಸೇನೆಯಲ್ಲಿ ಇದ್ದೆ ಎಂದು ಹೇಳುವವರೂ ಸಿಗುತ್ತಾರೆ. ಅದು ನಿಜವೇ ಇದ್ದರೂ, ಕಳ್ಳನನ್ನು ಹಿಡಿಯುವ ನಾಯಿಯನ್ನು ತಯಾರು ಮಾಡುವುದು ಬೇರೆ, ಹೆದರಿದ ನಾಯಿಗೆ ಧೈರ್ಯ ಕಲಿಸುವುದು ಬೇರೆ.

ಇಲ್ಲಿ ಎರಡು ವೃತ್ತಿಗಳಿವೆ. ಕೂರು, ನಿಲ್ಲು, ಬಾ ಎಂಬ ಆಜ್ಞೆಗಳನ್ನು ಕಲಿಸುವವರು ಟ್ರೈನರ್. ನಾಯಿ ಏಕೆ ಹೀಗೆ ಮಾಡುತ್ತಿದೆ ಎಂದು ಇತಿಹಾಸ ಕೇಳಿ, ಮನೆ ನೋಡಿ, ಯೋಜನೆ ಹಾಕುವವರು ನಡವಳಿಕೆ ತಜ್ಞರು, ಅಂದರೆ ಬಿಹೇವಿಯರಿಸ್ಟ್. ಕಚ್ಚುವ ನಾಯಿಗೆ ಬೇಕಿರುವುದು ಎರಡನೆಯವರು. 'ಸಿಟ್' ಎಂದರೆ ಕೂರುವ ನಾಯಿ ಕೂತಲ್ಲಿಂದಲೇ ಎಗರಿ ಕಚ್ಚಬಹುದು.

ಈ ವಿಷಯದಲ್ಲಿ ಮುಂಬೈಗೆ ಸ್ವಲ್ಪ ಹಳೆಯ ಪರಂಪರೆ ಇದೆ. ಇಲ್ಲಿನ ಶಿರಿನ್ ಮರ್ಚೆಂಟ್ ದೇಶದ ಮೊದಲ ಮಹಿಳಾ ಶ್ವಾನ ನಡವಳಿಕೆ ತಜ್ಞೆ ಎಂದು ಗುರುತಿಸಿಕೊಂಡವರು. ಬ್ರಿಟನ್ನಿನ ಜಾನ್ ರೋಜರ್ಸನ್ ಬಳಿ ಕಲಿತು ಬಂದು ಕೆನೈನ್ಸ್ ಕ್ಯಾನ್ ಕೇರ್ ಸಂಸ್ಥೆ ಕಟ್ಟಿದ ಅವರು, 2018ರಲ್ಲಿ ರಾಷ್ಟ್ರಪತಿಗಳಿಂದ 'ಫಸ್ಟ್ ಲೇಡೀಸ್' ಗೌರವ ಪಡೆದರು. ಬೆಂಗಳೂರಿನಲ್ಲಿ ಸಿಂಧೂರ್ ಪಂಗಲ್ ಅವರ ಬಾರ್ಕ್ಸ್ ಸಂಸ್ಥೆ ಶ್ವಾನ ವರ್ತನೆಯ ಬಗ್ಗೆ ಕೋರ್ಸ್‌ಗಳನ್ನು ನಡೆಸುತ್ತದೆ. ಇಂತಹ ಕಡೆ ಕಲಿತವರು, ಅಥವಾ ವಿದೇಶಿ ಸಂಸ್ಥೆಗಳ ಪರೀಕ್ಷೆ ಪಾಸಾದವರು ಈಗ ಮುಂಬೈ, ಠಾಣೆ, ನವಿ ಮುಂಬೈಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಎಲ್ಲಿ ಕಲಿತಿರಿ ಎಂದು ಕೇಳಲು ಸಂಕೋಚ ಬೇಡ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ನಾಯಿ ತಪ್ಪು ಮಾಡಿದರೆ ಏನು ಮಾಡುತ್ತೀರಿ? ಉತ್ತರದಲ್ಲಿ ಚೋಕ್ ಚೈನ್, ಮುಳ್ಳಿನ ಕಾಲರ್, ಶಾಕ್ ಕಾಲರ್, ನೆಲಕ್ಕೆ ಒತ್ತಿ ಹಿಡಿಯುವುದು ಎಂಬ ಮಾತು ಬಂದರೆ ಅಲ್ಲಿಗೇ ನಿಲ್ಲಿಸಿ. 'ನಾಯಿಗೆ ನೀವೇ ಯಜಮಾನ ಎಂದು ತೋರಿಸಬೇಕು' ಎಂಬ ವಾದ ಹುಟ್ಟಿದ್ದು ಬೇಲಿಯೊಳಗೆ ಕೂಡಿಹಾಕಿದ ತೋಳಗಳ ಹಳೆಯ ಅಧ್ಯಯನಗಳಿಂದ. 1970ರ ತಮ್ಮ ಪುಸ್ತಕದ ಮೂಲಕ ಆ ಕಲ್ಪನೆಯನ್ನು ಜನಪ್ರಿಯಗೊಳಿಸಿದ ಅಮೆರಿಕದ ತೋಳ ವಿಜ್ಞಾನಿ ಡೇವಿಡ್ ಮೆಕ್ ಅವರೇ 1999ರಲ್ಲಿ ಅದನ್ನು ತಿದ್ದಿದರು. ಕಾಡಿನ ತೋಳದ ಗುಂಪು ಎಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ, ಅಧಿಕಾರಕ್ಕಾಗಿ ಕಾದಾಡುವ ಪಡೆಯಲ್ಲ ಎಂದರು. ನಮ್ಮ ಕೆಲವು ತರಬೇತುದಾರರಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

2009ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು, ನಡವಳಿಕೆ ಸಮಸ್ಯೆಗಾಗಿ ಆಸ್ಪತ್ರೆಗೆ ಬಂದ ನಾಯಿಗಳ ಮಾಲೀಕರನ್ನು ಪ್ರಶ್ನಿಸಿ ವರದಿ ಪ್ರಕಟಿಸಿದರು. ಹೊಡೆದ ಅಥವಾ ಒದ್ದ ಮಾಲೀಕರಲ್ಲಿ ಶೇ.43ರಷ್ಟು ಮಂದಿಗೆ, ನಾಯಿಯನ್ನು ಅಂಗಾತ ಕೆಡವಿ ಒತ್ತಿ ಹಿಡಿದವರಲ್ಲಿ ಶೇ.31ರಷ್ಟು ಮಂದಿಗೆ ನಾಯಿ ಪ್ರತಿಯಾಗಿ ಆಕ್ರಮಣವನ್ನೇ ತೋರಿಸಿತ್ತು. ವೇಲ್ಸ್‌ನಲ್ಲಿ ಶಾಕ್ ಕಾಲರ್ 2010ರಿಂದಲೇ ನಿಷಿದ್ಧ.

'15 ದಿನ ನಮ್ಮಲ್ಲಿ ಬಿಡಿ, ಸರಿಮಾಡಿ ಕಳಿಸುತ್ತೇವೆ' ಎಂಬ ಜಾಹೀರಾತುಗಳೂ ಬಹಳ. ನಗರದ ಹೊರವಲಯದ ಫಾರ್ಮ್‌ನಲ್ಲಿ ಬಿಟ್ಟ ನಾಯಿ ಅಲ್ಲಿ ಸಾಧುವಾಗಿರಬಹುದು. ಸಮಸ್ಯೆ ಇರುವುದು ನಿಮ್ಮ ಬಾಗಿಲಲ್ಲಿ, ನಿಮ್ಮ ಸೋಫಾದ ಮೇಲೆ, ನಿಮ್ಮ ಲಿಫ್ಟ್‌ನಲ್ಲಿ. ಅಲ್ಲಿ ಏನು ನಡೆಯುತ್ತದೆ ಎಂದು ನೋಡಲು ನಿಮಗೆ ಅವಕಾಶವೂ ಇರುವುದಿಲ್ಲ. ಗ್ಯಾರಂಟಿ ಕೊಡುವವರನ್ನೂ ನಂಬಬೇಡಿ. ಜೀವ ಇರುವ ಪ್ರಾಣಿಯ ವರ್ತನೆಗೆ ವಾರಂಟಿ ಕಾರ್ಡ್ ಇಲ್ಲ.

ಮೊದಲ ಭೇಟಿಯಲ್ಲಿ ಒಳ್ಳೆಯ ತಜ್ಞರು ನಾಯಿಯನ್ನು ಮುಟ್ಟಲು ಹೋಗುವುದೇ ಇಲ್ಲ. ಬದಲಿಗೆ ಪ್ರಶ್ನೆ ಕೇಳುತ್ತಾರೆ. ಎಷ್ಟು ಸಲ ಕಚ್ಚಿದೆ, ಯಾರನ್ನು, ಚರ್ಮ ತೂತಾಗಿತ್ತೇ, ಅದಕ್ಕೆ ಐದು ನಿಮಿಷ ಮೊದಲು ಏನು ನಡೆದಿತ್ತು, ನಾಯಿ ದಿನಕ್ಕೆ ಎಷ್ಟು ಗಂಟೆ ನಿದ್ರೆ ಮಾಡುತ್ತದೆ, ಏನು ತಿನ್ನುತ್ತದೆ. ಇವಕ್ಕೆಲ್ಲ ಉತ್ತರ ಬರೆದಿಟ್ಟುಕೊಂಡು ಹೋದರೆ ನಿಮ್ಮ ಹಣ ಉಳಿಯುತ್ತದೆ. ಮುಚ್ಚಿಡಬೇಡಿ. ಶುಲ್ಕ ಪ್ರತಿ ಭೇಟಿಗೋ, ಪ್ಯಾಕೇಜೋ, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಎಂಬುದನ್ನು ಮೊದಲೇ ಮಾತನಾಡಿಕೊಳ್ಳಿ.

ತರಬೇತಿ ಎಂದರೆ ನಿಜಕ್ಕೂ ಏನು?

ಹೆಸರು ದೊಡ್ಡದು, ಕೆಲಸ ಸರಳ. ನಾಯಿ ಯಾವುದಕ್ಕೆ ಹೆದರುತ್ತದೆಯೋ ಅದನ್ನು ದೂರದಿಂದ, ಸಣ್ಣ ಪ್ರಮಾಣದಲ್ಲಿ ತೋರಿಸಿ, ಆ ಕ್ಷಣದಲ್ಲೇ ಅದಕ್ಕೆ ಪ್ರಿಯವಾದದ್ದನ್ನು ಕೊಡುವುದು. ದಿನ ಕಳೆದಂತೆ ದೂರವನ್ನು ಕಡಿಮೆ ಮಾಡುವುದು. ಇಷ್ಟೇ. ಇದಕ್ಕೆ ಬೇಕಾದ ತಾಳ್ಮೆ ಮಾತ್ರ ಅಪಾರ.

ಬೆಲ್‌ನ ಉದಾಹರಣೆ ನೋಡೋಣ. ನಿಮ್ಮ ಮನೆಯ ಬೆಲ್ ಸದ್ದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ನಾಯಿ ಕಿವಿ ನಿಮಿರಿಸಿ ಸುಮ್ಮನಾಗುವಷ್ಟು ಸಣ್ಣ ದನಿಯಲ್ಲಿ ಹಾಕಿ. ಸದ್ದಾದ ತಕ್ಷಣ ಬೇಯಿಸಿದ ಕೋಳಿಯ ಚೂರು ಕೊಡಿ, ಸಸ್ಯಾಹಾರಿ ಮನೆಯಾದರೆ ಪನೀರ್. ಮೊದಲು ಸದ್ದು, ಆಮೇಲೆ ತಿಂಡಿ, ಈ ಕ್ರಮ ತಪ್ಪಬಾರದು. ದಿನಕ್ಕೆ ಐದಾರು ಸಲ, ಎರಡು ಮೂರು ನಿಮಿಷ ಸಾಕು. ವಾರದ ನಂತರ ದನಿ ಸ್ವಲ್ಪ ಏರಿಸಿ. ಬೆಲ್ ಕೇಳಿದೊಡನೆ ನಾಯಿ ಬಾಗಿಲ ಕಡೆ ಓಡುವ ಬದಲು ನಿಮ್ಮ ಮುಖ ನೋಡಿದರೆ, ಅದರ ತಲೆಯೊಳಗೆ ಏನೋ ಬದಲಾಗಿದೆ ಎಂದರ್ಥ. ಇದಕ್ಕೆ ಸಮಾನಾಂತರವಾಗಿ ಒಂದು ಚಾಪೆ ಹಾಕಿ, ಬಾಗಿಲಿನಿಂದ ದೂರದಲ್ಲಿ, ಅಲ್ಲಿ ಮಲಗಿದರೆ ಒಳ್ಳೆಯದಾಗುತ್ತದೆ ಎಂದು ಕಲಿಸಿ. ಎರಡು ಪಾಠವೂ ಗಟ್ಟಿಯಾದ ಮೇಲೆ ಜೋಡಿಸಿ, ಬೆಲ್ ಆದರೆ ಚಾಪೆಗೆ.

ಜನರ ವಿಷಯದಲ್ಲಿ ಇದೇ ಪಾಠ ಸೊಸೈಟಿಯ ಕಾಂಪೌಂಡ್‌ನಲ್ಲಿ ನಡೆಯಬೇಕು. ಪರಿಚಯದವರೊಬ್ಬರು ಇಪ್ಪತ್ತು ಮೀಟರ್ ದೂರದಲ್ಲಿ ಅಡ್ಡಲಾಗಿ ನಡೆದು ಹೋಗಲಿ, ನಾಯಿಯ ಕಡೆ ನೋಡದೆ. ನಾಯಿ ಅವರನ್ನು ನೋಡಿತೇ, ತಿಂಡಿ. ಅವರು ಮರೆಯಾದರೇ, ತಿಂಡಿ ಬಂದ್. ಬೊಗಳಿತು ಎಂದರೆ ನೀವು ಹೆಚ್ಚು ಹತ್ತಿರ ಹೋದಿರಿ ಎಂದರ್ಥ, ನಾಯಿಯ ತಪ್ಪಲ್ಲ. ಅತಿಥಿಯ ಕೈಯಿಂದಲೇ ಬಿಸ್ಕತ್ತು ತಿನ್ನಿಸುವ ಅಭ್ಯಾಸ ನಮ್ಮಲ್ಲಿದೆ, ಹೆದರಿದ ನಾಯಿಗೆ ಇದನ್ನು ಮಾಡಬೇಡಿ. ತಿಂಡಿಯ ಆಸೆಗೆ ಹತ್ತಿರ ಬರುವ ನಾಯಿ ತಿಂದು ಮುಗಿದೊಡನೆ ಎದುರಿಗಿರುವ ಮನುಷ್ಯನನ್ನು ಕಂಡು ಬೆಚ್ಚುತ್ತದೆ. ಕಚ್ಚುವುದು ಆಗಲೇ.

ಮುಂಬೈನ ಕನ್ನಡ, ತುಳು ಮನೆಗಳಿಗೆ ಇನ್ನೊಂದು ತೊಡಕು. ಅಜ್ಜಿ 'ಕೂರು' ಎನ್ನುತ್ತಾರೆ, ಮಕ್ಕಳು 'ಸಿಟ್' ಎನ್ನುತ್ತಾರೆ, ಟ್ರೈನರ್ 'ಬೈಠ್', ಕೆಲಸದವರು 'ಬಸ್'. ನಾಲ್ಕು ಭಾಷೆಗಳಲ್ಲಿ ನಾಯಿಗೆ ಅರ್ಥವಾಗುವುದು ಮನೆಯವರ ಗದ್ದಲ ಮಾತ್ರ. ಒಂದು ಕೆಲಸಕ್ಕೆ ಒಂದೇ ಪದ ಇರಲಿ, ಅದನ್ನು ಬರೆದು ಫ್ರಿಡ್ಜ್ ಮೇಲೆ ಅಂಟಿಸಿ. ಯಾವ ಭಾಷೆಯದಾದರೂ ಸರಿ. ಬರೆದು ಅಂಟಿಸುವುದು ನಾಯಿಗಲ್ಲ, ನಮಗೆ.

ಒಬ್ಬರನ್ನೇ ಕಾಯುವ ನಾಯಿಯಾದರೆ, ಆ ವ್ಯಕ್ತಿ ಸ್ವಲ್ಪ ಹಿಂದೆ ಸರಿಯಬೇಕು. ಊಟ, ವಾಕಿಂಗ್ ಬೇರೆಯವರು ನೋಡಿಕೊಳ್ಳಲಿ. ಅಪ್ಪ ಸೋಫಾದ ಬಳಿ ಬಂದಾಗ ನಾಯಿ ಗುರುಗುಟ್ಟಿತೇ, ಅಮ್ಮ ಬೈಯದೆ, ಮಾತನಾಡದೆ ಎದ್ದು ಹೋಗಲಿ. ಕಾಯುವ ವಸ್ತುವೇ ಎದ್ದು ಹೋದರೆ ಕಾವಲಿಗೆ ಅರ್ಥ ಉಳಿಯುವುದಿಲ್ಲ. ಅಪ್ಪ ಬಂದಾಗಲೆಲ್ಲ ಒಂದು ಚೂರು ತಿಂಡಿ ದೂರಕ್ಕೆ ಎಸೆಯುವುದು ಈ ಪಾಠದ ಇನ್ನರ್ಧ.

'ನಾಯಿ ಬಾಲ ಡೊಂಕೇ' ಎಂದು ಕೈಚೆಲ್ಲುವವರಿಗೆ ಹೇಳಬೇಕಾದದ್ದು ಇಷ್ಟು. ಸುಧಾರಣೆ ಆಗುತ್ತದೆ, ಆದರೆ ನೇರ ಗೆರೆಯಲ್ಲಿ ಅಲ್ಲ. ಗಣೇಶ ಚತುರ್ಥಿಯ ತಾಶೆ, ದೀಪಾವಳಿಯ ಪಟಾಕಿ ಬಂದಾಗ ಎರಡು ತಿಂಗಳ ಶ್ರಮ ಎರಡು ದಿನದಲ್ಲಿ ಹಿಂದಕ್ಕೆ ಹೋದಂತೆ ಕಾಣುತ್ತದೆ. ಆ ದಿನಗಳಲ್ಲಿ ಪಾಠ ಬೇಡ, ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ನಾಯಿಯನ್ನು ಒಳಕೋಣೆಯಲ್ಲಿ ಬಿಡಿ. ಮಳೆಗಾಲದಲ್ಲಿ ವಾಕಿಂಗ್ ತಪ್ಪಿದರೆ ತಿಂಡಿಯನ್ನು ಹಳೆಯ ಟವೆಲ್‌ನಲ್ಲಿ ಸುತ್ತಿ ಹುಡುಕಲು ಬಿಡಿ. ಮೂಗಿಗೆ ಕೆಲಸ ಕೊಟ್ಟರೆ ನಾಯಿ ದಣಿಯುತ್ತದೆ, ದಣಿದ ನಾಯಿ ಮಲಗುತ್ತದೆ.

ಸೊಸೈಟಿ ನಾಯಿಯನ್ನು ಹೊರಹಾಕಬಹುದೇ?

ಇಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಬಹುಮತದ ಠರಾವು ಇದ್ದರೂ ಸೊಸೈಟಿ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ. ನಾಯಿ ಬೊಗಳುತ್ತದೆ ಎಂಬುದು ಮನೆ ಖಾಲಿ ಮಾಡಿಸಲು ಕಾರಣವಾಗದು. ಲಿಫ್ಟ್ ಬಳಕೆಗೆ ಪ್ರತ್ಯೇಕ ಶುಲ್ಕ ಹಾಕುವಂತಿಲ್ಲ. ತಳಿಯ ಹೆಸರಿನಲ್ಲಿ ನಿಷೇಧ ಹೇರುವ ಪ್ರಯತ್ನವೂ ನಡೆದಿತ್ತು. ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳನ್ನು ನಿರ್ಬಂಧಿಸುವಂತೆ ಕೇಂದ್ರ ಸರಕಾರ 2024ರ ಮಾರ್ಚ್ 12ರಂದು ರಾಜ್ಯಗಳಿಗೆ ಪತ್ರ ಬರೆದಿತ್ತು. ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದುಪಡಿಸಿತು.

ಹಕ್ಕಿನ ಜತೆ ಹೊಣೆಯೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 291ರ ಪ್ರಕಾರ, ಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಐದು ಸಾವಿರ ರೂಪಾಯಿವರೆಗೆ ದಂಡ ವಿಧಿಸಬಹುದು. ಮುಂಬೈನಲ್ಲಿ ಸಾಕುನಾಯಿಗೆ ಬಿಎಂಸಿ ಪರವಾನಗಿ ಕಡ್ಡಾಯ, ಅದಕ್ಕೆ ರೇಬಿಸ್ ಲಸಿಕೆಯ ಪ್ರಮಾಣಪತ್ರ ಬೇಕು. ಠಾಣೆ, ನವಿ ಮುಂಬೈ, ಕಲ್ಯಾಣ್-ಡೊಂಬಿವಲಿ, ಮೀರಾ-ಭಾಯಂದರ್, ವಸಾಯಿ-ವಿರಾರ್‌ಗಳಲ್ಲಿ ಬೇರೆ ಬೇರೆ ಪಾಲಿಕೆಗಳಿವೆ, ಅಲ್ಲಿನ ನಿವಾಸಿಗಳು ತಮ್ಮ ಪಾಲಿಕೆಯಲ್ಲೇ ವಿಚಾರಿಸಬೇಕು.

ಮಾರ್ಗಸೂಚಿಯ ಪ್ರತಿ ಹಿಡಿದು ಸೊಸೈಟಿ ಸಭೆಯಲ್ಲಿ ವಾದಿಸುವುದಕ್ಕಿಂತ, ನಾಯಿಗೆ ಚಿಕಿತ್ಸೆ ಮತ್ತು ತರಬೇತಿ ನಡೆಯುತ್ತಿದೆ, ಇಂತಿಂಥ ಹೊತ್ತಿನಲ್ಲಿ ಮಾತ್ರ ಕೆಳಗೆ ತರುತ್ತೇವೆ, ಮಝಲ್ ಹಾಕಿರುತ್ತೇವೆ ಎಂದು ಕಾರ್ಯದರ್ಶಿಗೆ ಲಿಖಿತವಾಗಿ ತಿಳಿಸುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕಚ್ಚಿದರೆ

ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ನಾಯಿಗೆ ಲಸಿಕೆ ಹಾಕಿಸಿದ್ದರೂ ಕಚ್ಚಿಸಿಕೊಂಡವರು ಅದೇ ದಿನ ವೈದ್ಯರನ್ನು ಕಾಣಬೇಕು. ಬಿಎಂಸಿ ಆಸ್ಪತ್ರೆಗಳಲ್ಲಿ ರೇಬಿಸ್ ಲಸಿಕೆ ಉಚಿತ. ಚರ್ಮದ ಪದರಕ್ಕೆ ಕೊಡುವ ವಿಧಾನದಲ್ಲಿ 0, 3, 7, 28ನೇ ದಿನ ಡೋಸ್ ಇರುತ್ತದೆ. ರಕ್ತ ಬಂದಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಬೇಕೇ ಎಂದು ಕೇಳಿ. ನಾಯಿಯನ್ನು ಹತ್ತು ದಿನ ನಿಗಾದಲ್ಲಿಡಿ. ಖರ್ಚನ್ನು ಕೇಳುವ ಮೊದಲೇ ಭರಿಸಿ.

ಆದರೂ ಸರಿಹೋಗದಿದ್ದರೆ?

ಕೆಲವು ನಾಯಿಗಳು ಜೀವನಪೂರ್ತಿ ಅತಿಥಿಗಳನ್ನು ಒಪ್ಪುವುದಿಲ್ಲ. ಬಂದವರಿದ್ದಾಗ ಒಳಕೋಣೆ, ಹೊರಗೆ ಮಝಲ್ ಎಂಬ ಶಿಸ್ತಿನಲ್ಲೇ ಅವು ಹತ್ತು ವರ್ಷ ನೆಮ್ಮದಿಯಿಂದ ಬದುಕಬಲ್ಲವು. ಮನೆಯಲ್ಲಿ ಪುಟ್ಟ ಮಗುವಿದ್ದು, ನಾಯಿ ಮಗುವಿನ ಮೇಲೆಯೇ ಎಗರುತ್ತಿದ್ದರೆ ಬೇರೆ ಮನೆ ಹುಡುಕುವುದು ತಪ್ಪಲ್ಲ. ಆದರೆ ರಸ್ತೆಯಲ್ಲಿ ಬಿಟ್ಟು ಬರುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ ಅಪರಾಧವಾಗಬಹುದು. ಫ್ಲಾಟ್‌ನಲ್ಲಿ ಬೆಳೆದ ನಾಯಿ ಮುಂಬೈ ಬೀದಿಯಲ್ಲಿ ಹೆಚ್ಚು ದಿನ ಬದುಕುವುದೂ ಕಷ್ಟ. ನಗರದ ಪ್ರಾಣಿ ಸಂಸ್ಥೆಗಳ ಕೆಲಸ ಮುಖ್ಯವಾಗಿ ಬೀದಿಪ್ರಾಣಿಗಳಿಗೆ ಸಂಬಂಧಿಸಿದ್ದು. ಅವರ ಬಾಗಿಲಿಗೆ ಕಟ್ಟಿ ಬಂದರೆ ಹೊರೆ ಅವರಿಗೆ.

ಊರಿಗೆ ಕಳಿಸಿಬಿಡೋಣ, ಅಲ್ಲಿ ತೋಟ ಕಾಯಲಿ ಎಂಬ ಮಾತು ಕರಾವಳಿ ಮೂಲದ ಮನೆಗಳಲ್ಲಿ ಬಂದೇ ಬರುತ್ತದೆ. ಕೆಲವೊಮ್ಮೆ ಅದು ಒಳ್ಳೆಯ ದಾರಿಯೂ ಹೌದು, ಅಲ್ಲಿರುವವರು ಮನಸಾರೆ ಒಪ್ಪಿದ್ದರೆ. ಕಳಿಸುವ ಮುನ್ನ ನಾಯಿ ಎಷ್ಟು ಸಲ ಕಚ್ಚಿದೆ, ಯಾವಾಗ ಕಚ್ಚಿದೆ ಎಂಬುದನ್ನು ಪೂರ್ತಿ ಹೇಳಿ. ರಜೆಗೆ ಹೋಗುವಾಗ ಬೋರ್ಡಿಂಗ್‌ನಲ್ಲಿ ಬಿಡುವವರಿಗೂ ಇದೇ ಮಾತು. ಅಲ್ಲಿನ ಫಾರ್ಮ್‌ನಲ್ಲಿ 'ಕಚ್ಚುತ್ತದೆಯೇ' ಎಂಬ ಕಾಲಂ ಎದುರು ನಿಜವನ್ನೇ ಬರೆಯಿರಿ. ಬೆಳಗ್ಗೆ ಆ ಗೂಡಿನ ಬಾಗಿಲು ತೆರೆಯುವ ಹುಡುಗ ಅದನ್ನು ಓದಿಯೇ ಒಳಗೆ ಕೈ ಹಾಕುತ್ತಾನೆ.